ವ್ಯಾಕ್ಯೂಮ್ ಹಿಂದುಗಡೆಗೆ ಒಂದ್ಸಲ ಟಾರ್ಚ್ ಹಿಡಿದು ನೋಡಿ

ಎರಡು ವರ್ಷದ ಹಿಂದಿನ ಮಾತು. ರಾತ್ರಿ ಹತ್ತೂವರೆ ಆಗಿತ್ತು, ಶೆಡ್ಡಲ್ಲಿ ಒಂದು ಟೇಬಲ್ಲಿನ ಮೇಲಿನ ಹಲಗೆ ಸ್ಯಾಂಡರ್‌ನಲ್ಲಿ ಉಜ್ಜಿ ಮುಗಿಸಿ ನೆಲಕ್ಕೆಲ್ಲ ವ್ಯಾಕ್ಯೂಮ್ ಹೊಡೀತಾ ಇದ್ದೆ, ಅಷ್ಟರಲ್ಲಿ ಒಂದು ಸ್ಕ್ರೂ ಬೆಂಚಿನ ಕೆಳಗೆ ಉರುಳಿಕೊಂಡು ಹೋಯ್ತು, ಅದನ್ನ ಹುಡುಕೋಕೆ ಅಂತ ಟಾರ್ಚ್ ಹಾಕಿ ಬಗ್ಗಿದೆ. ವ್ಯಾಕ್ಯೂಮ್ ಪಕ್ಕದಲ್ಲಿ ಓಡ್ತಾನೇ ಇತ್ತು. ಟಾರ್ಚಿನ ಬೆಳಕು ಅಡ್ಡಡ್ಡ ಹೋಗಿ ಅದರ ಹಿಂಭಾಗಕ್ಕೆ, ಗಾಳಿ ಆಚೆ ಬರುತ್ತಲ್ಲ ಆ ಜಾಲರಿ ಹತ್ರ ಬಿತ್ತು ನೋಡಿ, ಅಲ್ಲಿಂದ ತೆಳ್ಳಗೆ ಬಿಳೀ ಎಳೆ, ಪಾತ್ರೆ ಮುಚ್ಚಳದ ಸಂದಿಯಿಂದ ಹಬೆ ಬರೋ ಹಾಗೆ, ಸುತ್ತಿಕೊಂಡು ಸುತ್ತಿಕೊಂಡು ಮೇಲಕ್ಕೆ ಏಳ್ತಾ ಇತ್ತು.

ಮೋಟರು ಸುಡ್ತಾ ಇದೆ ಅನ್ಕೊಂಡು ತಕ್ಷಣ ಆಫ್ ಮಾಡಿದೆ. ಮೂಸಿ ನೋಡಿದ್ರೆ ಸುಟ್ಟ ವಾಸನೆ ಇಲ್ಲವೇ ಇಲ್ಲ, ಬರೀ ಮರದ ವಾಸನೆ, ಆಗಷ್ಟೇ ಉಜ್ಜಿದ್ನಲ್ಲ ಅದೇ ಮರದ್ದು. ಅಂದ್ರೆ ನಾನು ಹತ್ತು ನಿಮಿಷದಿಂದ ನೆಲದ ಮೇಲಿನ ಧೂಳನ್ನ ಮುಂದಿನಿಂದ ಎಳೆದು, ಅದರಲ್ಲಿ ಅತೀ ನುಣ್ಣಗಿರೋದನ್ನ ಮಾತ್ರ ಸೋಸಿ ಹಿಂದಿನಿಂದ ನನ್ನ ಮುಖದ ಎತ್ತರಕ್ಕೆ ಎಬ್ಬಿಸ್ತಾ ಇದ್ದೆ. ನೆಲ ಮಾತ್ರ ಫಳಫಳ ಅಂತಿತ್ತು. ಮಾಸ್ಕ್ ತೆಗೆದು ಪಕ್ಕಕ್ಕಿಟ್ಟು ಆಗಲೇ ಅರ್ಧ ಗಂಟೆ ಆಗಿತ್ತು, ಕೆಲಸ ಮುಗೀತಲ್ಲ ಇನ್ನು ಕ್ಲೀನಿಂಗ್ ತಾನೇ ಅಂತ.

ಅವತ್ತಿಂದ ಈ ವಿಷಯ ತಲೆಗೆ ಹತ್ತಿಬಿಡ್ತು. ಮರಗೆಲಸ, ಗೋಡೆ ಕೆಲಸ, ಪೇಂಟಿಂಗ್ ಅಂತ ಸ್ವಂತಕ್ಕೆ ಮಾಡ್ಕೊಳೋರು ಯಾರೇ ಸಿಕ್ಲಿ ಇದನ್ನೇ ಹೇಳ್ತೀನಿ, ವ್ಯಾಕ್ಯೂಮ್ ಎಷ್ಟು ಜೋರಾಗಿ ಎಳೆಯುತ್ತೆ ಅಂತ ನೋಡಿ ತಗೋಬೇಡಿ, ಎಳೆದಿದ್ದನ್ನ ಒಳಗೇ ಇಟ್ಕೊಳುತ್ತಾ ಅಂತ ನೋಡಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಒಂದೇ ಕಡೆ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಧೂಳಿನ ಸೈಜ್ ಅರ್ಥ ಆಗಬೇಕು. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಮ್ಮ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ಬರಿಗಣ್ಣಿಗೆ ಒಂದೊಂದು ಕಣ ಅಂತ ಕಾಣೋದು ಹೆಚ್ಚುಕಮ್ಮಿ 50 ಮೈಕ್ರಾನ್ ತನಕ. ಶ್ವಾಸಕೋಶದ ತೀರಾ ಆಳಕ್ಕೆ, ಆ ಗಾಳಿಗೂಡುಗಳ ತನಕ ಹೋಗಿ ಕೂರೋದು 4 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು. ಅಂದ್ರೆ ನಿಮ್ಮ ಕಣ್ಣಿಗೆ ಕಾಣೋ ಪುಡಿ, ಕಾಲಿಗೆ ಸಿಗೋ ಹೊಟ್ಟು, ಅದು ಬಹುಪಾಲು ಗಲೀಜು, ಅದರಲ್ಲಿ ಹೆಚ್ಚಿನದನ್ನ ಮೂಗು ಗಂಟಲು ತಡೆದು ಸೀನಿಸಿ ಕೆಮ್ಮಿಸಿ ಆಚೆ ಹಾಕುತ್ತೆ. ಶ್ವಾಸಕೋಶಕ್ಕೆ ಜಾಸ್ತಿ ತೊಂದರೆ ಕೊಡೋದು ಕಾಣದೇ ಇರೋದು. ಇನ್ನೊಂದು ವಿಷಯ, ಅದು ಬೇಗ ಕೆಳಗೆ ಕೂರೋದೂ ಇಲ್ಲ. ನೀರಿನಷ್ಟು ಸಾಂದ್ರತೆ ಇರೋ ಕಣ ಅಂತ ಲೆಕ್ಕ ಹಾಕಿದ್ರೆ, ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನ್ ಕಣ ಎರಡು ಮೀಟರ್ ಇಳಿಯೋಕೆ ಹತ್ತು ಹನ್ನೊಂದು ನಿಮಿಷ ತಗೊಳುತ್ತೆ, 1 ಮೈಕ್ರಾನ್ ಕಣ ಅಷ್ಟೇ ದೂರ ಇಳಿಯೋಕೆ ಸುಮಾರು 15-16 ಗಂಟೆ! ಅದೂ ಯಾರೂ ಓಡಾಡದೆ ಫ್ಯಾನ್ ಹಾಕದೆ ಇದ್ರೆ. ರಾತ್ರಿ ಎಬ್ಬಿಸಿದ್ದು ಬೆಳಿಗ್ಗೆ ಬಾಗಿಲು ತೆಗೆದಾಗಲೂ ಅಲ್ಲೇ ತೇಲ್ತಾ ಇರುತ್ತೆ, ಮನೆಯವರು ಏನೋ ಸಾಮಾನು ತಗೊಳೋಕೆ ಮಾಸ್ಕ್ ಇಲ್ಲದೆ ಒಳಗೆ ಬಂದು ಉಸಿರಾಡ್ತಾರೆ.

ಮರದ ಧೂಳು ತಾನೇ, ನೈಸರ್ಗಿಕ ಅಲ್ವಾ ಅಂತ ಕೇಳೋರು ತುಂಬಾ ಜನ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ, ಅದರಲ್ಲೂ ಗಟ್ಟಿಮರದ ಧೂಳಿಗೂ ಮೂಗಿನ ಒಳಗಿನ ಕ್ಯಾನ್ಸರಿಗೂ ಇರೋ ನಂಟು ಬಹಳ ಸ್ಪಷ್ಟವಾಗಿದೆ. ಕಾಂಕ್ರೀಟು, ಕಲ್ಲು, ಟೈಲ್ಸ್ ಕೊರೆದಾಗ ಏಳೋ ಸಿಲಿಕಾ ಧೂಳು 1997ರಿಂದ ಅದೇ ಗುಂಪಲ್ಲಿದೆ, ಅದರ ಜೊತೆಗೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ, ಒಂದ್ಸಲ ಶ್ವಾಸಕೋಶ ಗಟ್ಟಿಯಾಗೋಕೆ ಶುರುವಾದ್ರೆ ವಾಪಸ್ ಸರಿ ಮಾಡೋ ಔಷಧಿ ಇಲ್ಲ. ಅಮೆರಿಕದಲ್ಲಿ 2016ರಲ್ಲಿ ತಂದ ನಿಯಮದ ಪ್ರಕಾರ ಉಸಿರಲ್ಲಿ ಆಳಕ್ಕೆ ಹೋಗೋ ಸಿಲಿಕಾ ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ದಾಟಬಾರದು. ಈ ನಂಬರ್ ಓದಿದ್ರೆ ಏನೂ ಅನ್ಸಲ್ಲ, ನಾನು ಕೂತು ಲೆಕ್ಕ ಹಾಕಿದೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ರೂಮು ಅಂದ್ರೆ 30 ಘನ ಮೀಟರ್, ಅಂದ್ರೆ ಇಡೀ ರೂಮಿಗೆ ಒಂದೂವರೆ ಮಿಲಿಗ್ರಾಂ. ಎರಡೋ ಮೂರೋ ಸಕ್ಕರೆ ಕಾಳಿನ ತೂಕ! ಅಷ್ಟು ಇಡೀ ರೂಮಲ್ಲಿ ತೇಲಿದ್ರೆ ಮಿತಿ ಮುಟ್ಟಿದ ಹಾಗೆ. ಒಂದು ಟೈಲ್ಸ್ ಕಟ್ ಮಾಡಿದಾಗ ಏಳೋ ಮೋಡ ನೆನಪಿಸ್ಕೊಳಿ.

ಈಗ ಆ ರಾತ್ರಿಗೆ ವಾಪಸ್ ಬರ್ತೀನಿ. ಮಾಸ್ಕ್ ಹಾಕ್ಕೊಂಡು, ವ್ಯಾಕ್ಯೂಮನ್ನ ಆಚೆಗೆ ತಂದು, ಪ್ಲಗ್ ಕಿತ್ತು, ಮೇಲಿನ ಮೋಟರ್ ಭಾಗ ಎತ್ತಿದೆ. ಫಿಲ್ಟರು ಹೊಸದೇ, ಒಂದು ತಿಂಗಳೂ ಆಗಿರಲಿಲ್ಲ. ಆದ್ರೆ ಅದರ ಬಾಯಿ ಸುತ್ತ ರಬ್ಬರ್ ಅಂಚು ಇರುತ್ತಲ್ಲ, ಅದು ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು, ಹೆಬ್ಬೆರಳಿನ ಉಗುರಿನಷ್ಟು ಜಾಗ, ಅಷ್ಟೇ. ಆ ಜಾಗದಿಂದ ಮೋಟರ್ ಕಡೆಗೆ ಬೂದು ಬಣ್ಣದ ಗೆರೆ, ಬಾಲದ ಥರ, ಬಾಚಣಿಗೆಯಲ್ಲಿ ಎಳೆದ ಹಾಗೆ ನೀಟಾಗಿ ಮೂಡಿತ್ತು. ಗಾಳಿ ಸುಲಭದ ದಾರಿ ಹುಡುಕುತ್ತೆ, ಫಿಲ್ಟರ್ ಬಟ್ಟೆ ಮೂಲಕ ಕಷ್ಟಪಟ್ಟು ಹೋಗೋ ಬದಲು ಆ ಸಂದಿಯಿಂದ ನುಗ್ಗಿ ಧೂಳನ್ನೂ ಜೊತೆಗೇ ಒಯ್ದಿತ್ತು. ಎಷ್ಟು ಒಳ್ಳೇ ಫಿಲ್ಟರ್ ತಂದ್ರೂ ಅದು ಕೂರೋ ಜಾಗ ಟೈಟಾಗಿಲ್ಲ ಅಂದ್ರೆ ತಂದಿದ್ದೇ ವೇಸ್ಟು. ಒದ್ದೆ ಬಟ್ಟೆಯಲ್ಲಿ ರಬ್ಬರನ್ನೂ ಅದು ಕೂರೋ ಅಂಚನ್ನೂ ಒರೆಸಿ, ಪೂರ್ತಿ ಒಣಗಿಸಿ, ಬೆರಳಲ್ಲಿ ಸುತ್ತ ಒತ್ತಿ ಕೂರಿಸಿ, ಮತ್ತೆ ಲೈಟ್ ಆಫ್ ಮಾಡಿ ಟಾರ್ಚ್ ಹಿಡಿದೆ. ಎಳೆ ಹೋಗಿತ್ತು, ಆದ್ರೂ ತೆಳ್ಳಗೆ ಮಂಜಿನ ಥರ ಏನೋ ಇತ್ತು. ಅದು ಫಿಲ್ಟರಿನ ಮಿತಿ ಅಂತ ಆಮೇಲೆ ಗೊತ್ತಾಯ್ತು.

ಈ ಟಾರ್ಚ್ ಟೆಸ್ಟ್ ನನ್ನ ಐಡಿಯಾ ಏನಲ್ಲ, ಕಾರ್ಖಾನೆಗಳಲ್ಲಿ ಧೂಳು ಎಲ್ಲಿಂದ ಏಳ್ತಿದೆ ಅಂತ ನೋಡೋಕೆ ಪರಿಣತರು ಜೋರು ದೀಪ ಇಟ್ಟು ಇದನ್ನೇ ಮಾಡ್ತಾರೆ. ಮಾಡೋ ರೀತಿ ಸ್ವಲ್ಪ ಗಮನ ಇಟ್ಟು ಓದಿ. ರೂಮು ಕತ್ತಲಾಗಿರಬೇಕು, ಟಾರ್ಚು ನಿಮ್ಮ ಎದುರು ಕಡೆಯಿಂದ ಸ್ವಲ್ಪ ಓರೆಯಾಗಿ ಬೀಳಬೇಕು, ನೀವು ಬೆಳಕಿನ ಹಾದಿಯನ್ನ ನೋಡಬೇಕು ಟಾರ್ಚಿನ ಬಲ್ಬನ್ನಲ್ಲ, ಬಲ್ಬು ಕಣ್ಣಿಗೆ ಬೀಳದ ಹಾಗೆ ಏನಾದ್ರೂ ಮರೆ ಮಾಡ್ಕೊಳಿ. ನಿಮ್ಮ ಹಿಂದಿನಿಂದ ಬೆಳಕು ಬಿಟ್ರೆ ಏನೂ ಕಾಣಲ್ಲ. ಕಿಟಕಿ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ಧೂಳು ಕುಣಿಯೋದು ಕಾಣುತ್ತಲ್ಲ, ಅದೇ ಇದು. ಬೆಳಕು ಬಿದ್ದು ಚದುರುತ್ತೆ, ಹಾಗಾಗಿ ಬರಿಗಣ್ಣಿಗೆ ಸಿಗದ ಸಣ್ಣ ಕಣಗಳೂ ಗುಂಪಾಗಿ ಕಾಣುತ್ತೆ. ಏನೂ ಕಾಣ್ಲಿಲ್ಲ ಅಂದ್ರೆ ಗಾಳಿ ಶುದ್ಧ ಅಂತ ಸರ್ಟಿಫಿಕೇಟ್ ಅಲ್ಲ, ಆದ್ರೆ ಜಾಲರಿಯಿಂದ ಎಳೆ ಏಳೋದು ಕಂಡ್ರೆ ಮಾತ್ರ ಧೂಳು ಆಚೆ ಬರ್ತಾ ಇದೆ ಅಂತಲೇ ಅರ್ಥ.

ಫಿಲ್ಟರ್ ವಿಷಯ. ಹೆಪಾ ಅಂದ್ರೆ ಅತೀ ಸಣ್ಣ ಕಣಗಳನ್ನೂ ಹಿಡಿಯೋ ಫಿಲ್ಟರ್, ಅದು ಎರಡನೇ ಮಹಾಯುದ್ಧದ ಟೈಮಲ್ಲಿ ಅಣುಬಾಂಬ್ ತಯಾರಿಸೋ ಮ್ಯಾನ್‌ಹಾಟನ್ ಪ್ರಾಜೆಕ್ಟಲ್ಲಿ ವಿಕಿರಣದ ಕಣಗಳನ್ನ ತಡೆಯೋಕೆ ಮಾಡಿದ ಫಿಲ್ಟರಿಂದ ಬೆಳೆದು ಬಂದಿದ್ದು. ಅಮೆರಿಕದ ಲೆಕ್ಕದಲ್ಲಿ 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡ ಹಿಡಿದ್ರೆ ಮಾತ್ರ ಅದನ್ನ ಹೆಪಾ ಅನ್ನಬಹುದು. ಯಾಕೆ ಸರಿಯಾಗಿ 0.3 ಅಂದ್ರೆ, ಅದಕ್ಕಿಂತ ದೊಡ್ಡವು ನೇರ ಹೋಗಿ ನಾರಿಗೆ ಡಿಕ್ಕಿ ಹೊಡೆದು ಅಂಟಿಕೊಳ್ತವೆ, ಅದಕ್ಕಿಂತ ಸಣ್ಣವು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅಡ್ಡಾದಿಡ್ಡಿ ಓಡಾಡಿ ಎಲ್ಲೋ ಒಂದು ನಾರಿಗೆ ತಗುಲಿಕೊಳ್ತವೆ, ನಡುವಿನ ಈ ಸೈಜೇ ಹಿಡಿಯೋಕೆ ಎಲ್ಲದಕ್ಕಿಂತ ಕಷ್ಟ. ಹಾಗಾಗಿ ಕಷ್ಟದ ಜಾಗದಲ್ಲೇ ಪರೀಕ್ಷೆ. ಡಬ್ಬಿ ಮೇಲೆ 'ಹೆಪಾ ಟೈಪ್', 'ಹೆಪಾ ಲೈಕ್' ಅಂತ ಬರೆದಿದ್ರೆ ಅದಕ್ಕೆ ಅರ್ಥ ಇಲ್ಲ, ಎಷ್ಟು ಮೈಕ್ರಾನಿಗೆ ಎಷ್ಟು ಶೇಕಡ ಅಂತ ಬರೆದಿರಬೇಕು.

ಆದ್ರೆ ಫಿಲ್ಟರ್ ಒಂದಕ್ಕೆ ಹೆಪಾ ಅಂತ ಹೆಸರಿದ್ರೆ ಮಷೀನು ಹೆಪಾ ಆಗಲ್ಲ, ಮೇಲೆ ಹೇಳಿದ ರಬ್ಬರ್ ಅಂಚಿನ ಕಥೆ ನೋಡಿದ್ರಲ್ಲ. ಇಡೀ ಮಷೀನನ್ನ ಸೇರಿಸಿ ಪರೀಕ್ಷೆ ಮಾಡೋ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಬೇರೆ ಇದೆ, ಐಇಸಿ 60335-2-69 ಅಂತ, ಅದರಲ್ಲಿ ಎಲ್, ಎಮ್, ಹೆಚ್ ಅಂತ ಮೂರು ಕ್ಲಾಸು. ಎಲ್ ಕ್ಲಾಸಲ್ಲಿ ಧೂಳಿನ 1 ಶೇಕಡದ ತನಕ ಆಚೆ ಬರಬಹುದು, ಎಮ್ ಕ್ಲಾಸಲ್ಲಿ 0.1 ಶೇಕಡ, ಹೆಚ್ ಕ್ಲಾಸಲ್ಲಿ 0.005 ಶೇಕಡ. ಮರ, ಕಾಂಕ್ರೀಟ್ ಅಂತ ದಿನಾ ಕೆಲಸ ಮಾಡೋರಿಗೆ ಎಮ್ ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಎಮ್ ಕ್ಲಾಸಲ್ಲಿ ಇನ್ನೊಂದು ಒಳ್ಳೇದಿದೆ, ಪೈಪಿನೊಳಗೆ ಗಾಳಿಯ ವೇಗ ಸೆಕೆಂಡಿಗೆ 20 ಮೀಟರಿಗಿಂತ ಕಮ್ಮಿ ಆದ್ರೆ ಕೀಂ ಅಂತ ಕೂಗುತ್ತೆ. ಕೆಲವರು ಆ ಸೌಂಡ್ ಕಿರಿಕಿರಿ ಅಂತ ಬೈತಾರೆ, ನಂಗಂತೂ ಬೇಕು, ಯಾಕಂದ್ರೆ ಫಿಲ್ಟರ್ ಕಟ್ಟಿಕೊಂಡಿದೆ ಅನ್ನೋದು ಕೆಲಸದ ಗಮನದಲ್ಲಿ ನಮಗೆ ಗೊತ್ತೇ ಆಗಲ್ಲ, ಮೋಟರ್ ಓಡ್ತಾ ಇರುತ್ತೆ, ಸದ್ದು ಬರ್ತಾ ಇರುತ್ತೆ, ಧೂಳು ಮಾತ್ರ ಎಳೀತಾ ಇರಲ್ಲ.

ಮಾಮೂಲಿ ವರ್ಕ್‌ಶಾಪ್ ವ್ಯಾಕ್ಯೂಮ್ ಇರೋರು ಅದನ್ನ ಬಿಸಾಕಬೇಕಾಗಿಲ್ಲ, ನಾನೂ ಬಿಸಾಕಿಲ್ಲ. ಒಳಗೆ ಬ್ಯಾಗ್ ಹಾಕಿ, ಆಮೇಲೆ ಹೆಪಾ ಫಿಲ್ಟರ್ ಹಾಕಿ, ಎರಡೂ. ಬ್ಯಾಗ್ ಇಲ್ಲದೆ ಡ್ರಮ್ಮಿಗೆ ನೇರ ಧೂಳು ತುಂಬಿಸಿದ್ರೆ ಫಿಲ್ಟರಿನ ಮಡಿಕೆಗಳು ಬೇಗ ಮುಚ್ಚಿಹೋಗ್ತವೆ, ಅದರಲ್ಲೂ ಗೋಡೆ ಪುಟ್ಟಿ, ಜಿಪ್ಸಂ ಬೋರ್ಡ್ ಉಜ್ಜಿದ ಬಿಳೀ ಪುಡಿ ಇದೆಯಲ್ಲ ಅದು ಐದೇ ನಿಮಿಷಕ್ಕೆ ಫಿಲ್ಟರ್ ಮೇಲೆ ಸುಣ್ಣ ಹೊಡೆದ ಹಾಗೆ ಕೂತುಬಿಡುತ್ತೆ. ಬ್ಯಾಗಲ್ಲಿ ಫ್ಲೀಸ್ ಬಟ್ಟೆಯದು ತಗೊಳಿ, ಕಾಗದದ್ದು ಚೂಪು ಚೂರು ಬಿದ್ರೆ ಹರಿಯುತ್ತೆ. ನಂದು ಹೇಳ್ತೀನಿ, ಬ್ಯಾಗ್ ಹಾಕೋಕೆ ಶುರು ಮಾಡಿದ ಮೇಲೆ ಫಿಲ್ಟರನ್ನ ಮುಟ್ಟೋ ಕೆಲಸವೇ ಅಪರೂಪ ಆಗಿದೆ, ಮೊದಲು ವಾರಕ್ಕೊಂದ್ಸಲ ಬಡೀತಿದ್ದೆ.

ಆ ಬಡಿಯೋದರ ಬಗ್ಗೆ ಹೇಳಲೇಬೇಕು. ಇಡೀ ದಿನ ಜೋಪಾನವಾಗಿ ಮಾಸ್ಕ್ ಹಾಕ್ಕೊಂಡು ಕೆಲಸ ಮಾಡಿ, ಕೊನೆಗೆ ಫಿಲ್ಟರ್ ತೆಗೆದು ಗೋಡೆಗೆ ಟಪ ಟಪ ಅಂತ ಬಡಿದು, ಡ್ರಮ್ಮನ್ನ ಕಸದ ಚೀಲಕ್ಕೆ ದೊಪ್ಪಂತ ಸುರೀತಾರೆ, ಆ ಎರಡು ನಿಮಿಷದಲ್ಲಿ ಮುಖದ ಮುಂದೆ ಏಳೋ ಮೋಡ ಇಡೀ ದಿನದ್ದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಫಿಲ್ಟರಿಗೆ ಅಂಟಿಕೊಂಡಿರೋದು ಅತೀ ನುಣ್ಣಗಿರೋದೇ. ಕಂಪ್ರೆಸರ್ ಗಾಳಿ ಹೊಡೆಯೋದಂತೂ ಬೇಡವೇ ಬೇಡ, ಧೂಳು ಹಾರೋದು ಒಂದು ಕಡೆ, ಫಿಲ್ಟರಲ್ಲಿ ಕಣ್ಣಿಗೆ ಕಾಣದ ತೂತು ಬಿದ್ದು ಆಮೇಲಿಂದ ಅದು ಜರಡಿ ಥರ ಆಗುತ್ತೆ. ನಾನು ಮಾಡೋದು ಇಷ್ಟು: ಆಫ್ ಮಾಡಿ ಐದು ಹತ್ತು ನಿಮಿಷ ಹಾಗೇ ಬಿಡ್ತೀನಿ, ಆಚೆ ತರ್ತೀನಿ, ಗಾಳಿ ಬೆನ್ನಿಗೆ ಬರೋ ಹಾಗೆ ನಿಂತ್ಕೊಳ್ತೀನಿ, ಮಾಸ್ಕ್ ಹಾಕಿರ್ತೀನಿ, ಬ್ಯಾಗಿನ ಬಾಯಿಗೆ ಮುಚ್ಚಳ ಇದ್ರೆ ಮುಚ್ಚಿ ಇಲ್ಲಾಂದ್ರೆ ಟೇಪ್ ಅಂಟಿಸಿ, ನಿಧಾನಕ್ಕೆ ಎತ್ತಿ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ಗಂಟು ಹಾಕ್ತೀನಿ. ಚೀಲದ ಗಾಳಿ ತೆಗೆಯೋಕೆ ಅಂತ ಒತ್ತಬೇಡಿ, ಒತ್ತಿದ್ರೆ ಬುಸ್ ಅಂತ ಬರೋದು ಬರೀ ಗಾಳಿ ಅಲ್ಲ. ಬ್ಯಾಗನ್ನ ಖಾಲಿ ಮಾಡಿ ಮತ್ತೆ ಉಪಯೋಗಿಸೋಕೂ ಹೋಗಬೇಡಿ.

ಮಾಸ್ಕ್ ಅಂದ್ರೆ ಬಟ್ಟೆ ಮಾಸ್ಕ್ ಅಲ್ಲ, ಎನ್95 ಅಥವಾ ಎಫ್‌ಎಫ್‌ಪಿ2 ಕನಿಷ್ಠ, ಸಿಲಿಕಾ ಇದ್ರೆ ಇನ್ನೂ ಮೇಲಿನದು. ಅದು ಮುಖಕ್ಕೆ ಟೈಟಾಗಿ ಕೂರಬೇಕು, ಗಡ್ಡ ಇದ್ರೆ ಕೂರಲ್ಲ. ವ್ಯಾಕ್ಯೂಮ್ ಇದೆ ಅಂತ ಮಾಸ್ಕ್ ಬಿಡಬೇಡಿ, ಟೂಲ್ ಆಫ್ ಮಾಡಿದ ತಕ್ಷಣ ತೆಗೀಬೇಡಿ.

ಇನ್ನು ಬೆಂಕಿ. ಇದು ನನ್ನ ಶೆಡ್ಡಲ್ಲೇ ಆಗಿದ್ದು. ಒಂದು ಕಬ್ಬಿಣದ ಬ್ರಾಕೆಟ್ಟನ್ನ ಗ್ರೈಂಡರಲ್ಲಿ ಸ್ವಲ್ಪ ಉಜ್ಜಿದೆ, ಎರಡೇ ನಿಮಿಷದ ಕೆಲಸ, ಕೆಳಗೆ ಬಿದ್ದ ಪುಡಿಯನ್ನ ಅದೇ ವ್ಯಾಕ್ಯೂಮಲ್ಲಿ ಎಳೆದೆ, ಒಳಗೆ ಆಗಲೇ ಮರದ ಹೊಟ್ಟು ಅರ್ಧ ಬ್ಯಾಗು ತುಂಬಿತ್ತು. ಬಾಗಿಲು ಹಾಕಿ ಬಂದೆ. ಮೂರು ಗಂಟೆ ಕಳೆದು ಚಾರ್ಜರ್ ತರೋಕೆ ಅಂತ ಹೋದಾಗ ಬಾಗಿಲು ತೆಗೀತಿದ್ದ ಹಾಗೆ ಕಮರು ವಾಸನೆ, ಉರಿ ಇಲ್ಲ, ಹೊಗೆ ಕೂಡ ಇಲ್ಲವೇನೋ ಅನ್ನೋ ಹಾಗೆ, ಬರೀ ವಾಸನೆ. ಡ್ರಮ್ ಮುಟ್ಟಿದೆ, ಒಂದು ಪಕ್ಕ ಬೆಚ್ಚಗಿತ್ತು. ಮೇಲಿನ ಮುಚ್ಚಳ ತೆಗೆಯದೆ ಹಾಗೇ ಉರುಳಿಸಿಕೊಂಡು ಬಯಲಿಗೆ ತಂದೆ, ಆಮೇಲೆ ತೆಗೆದು ಬಕೆಟ್ ನೀರು ಸುರಿದೆ, ಒಂದಲ್ಲ ಮೂರು ಬಕೆಟ್. ನೀರು ಬಿದ್ದಾಗ ಚುಂಯ್ ಅಂತು. ಆಮೇಲೆ ಬ್ಯಾಗ್ ಎತ್ತಿ ನೋಡಿದ್ರೆ ತಳದಲ್ಲಿ ನಾಣ್ಯದಷ್ಟು ಅಗಲ ಕರೀ ತೂತು, ಅಂಚು ಗರಿಗರಿ, ಅದರ ಸುತ್ತ ಡ್ರಮ್ಮಿನ ಪ್ಲಾಸ್ಟಿಕ್ಕು ಮೆತ್ತಗಾಗಿ ಗುಳಿ ಬಿದ್ದಿತ್ತು. ಒಂದೇ ಒಂದು ಕಿಡಿ, ಹೊಟ್ಟಿನೊಳಗೆ ಮಲಗಿ ಒಳಗೊಳಗೇ ಬೇಯ್ತಾ ಇತ್ತು. ಅವತ್ತು ಚಾರ್ಜರ್ ನೆನಪಾಗದೆ ಇದ್ದಿದ್ರೆ ಏನಾಗ್ತಿತ್ತು ಅಂತ ಈಗಲೂ ಕೈ ನಡುಗುತ್ತೆ.

ಗ್ರೈಂಡರ್ ಕಿಡಿ ನಮಗೆ ಆರಿಹೋದ ಹಾಗೆ ಕಾಣುತ್ತೆ, ಆದ್ರೆ ಪುಡಿ ಬಿಸಿ ಇರುತ್ತೆ, ಮೇಲಿಂದ ವ್ಯಾಕ್ಯೂಮ್ ಗಾಳಿ ಎಳೆದು ತಿದಿ ಊದಿದ ಹಾಗೆ ಊದುತ್ತೆ. ಕಬ್ಬಿಣಕ್ಕೇ ಬೇರೆ ಡ್ರಮ್ಮು, ಬೇರೆ ಬ್ಯಾಗು, ಅದು ಆಗಲ್ಲಾಂದ್ರೆ ಗ್ರೈಂಡರ್ ಪುಡಿಯನ್ನ ತಣ್ಣಗಾಗೋಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಒಲೆ ಬೂದಿ ಕೂಡ ಹಾಗೇ, ಮೇಲೆ ತಣ್ಣಗಿದ್ರೂ ಒಳಗೆ ಕೆಂಡ ದಿನಗಟ್ಟಲೆ ಇರುತ್ತೆ. ಎಣ್ಣೆ ಹಚ್ಚಿದ ಮರ ಅಥವಾ ವಾರ್ನಿಶ್ ಆದ ನೆಲ ಉಜ್ಜಿದ ಧೂಳು ಇನ್ನೂ ಮೋಸದ್ದು, ಅದಕ್ಕೆ ಕಿಡಿಯೇ ಬೇಡ, ಅಗಸೆ ಎಣ್ಣೆ ಥರದ್ದು ಗಾಳಿ ಜೊತೆ ಸೇರಿ ಒಣಗೋವಾಗ ತಾನೇ ಬಿಸಿಯಾಗುತ್ತೆ, ಚೀಲದಲ್ಲಿ ಒತ್ತೊತ್ತಾಗಿ ತುಂಬಿದ್ರೆ ಆ ಬಿಸಿ ಆಚೆ ಹೋಗೋಕೆ ದಾರಿ ಇಲ್ಲದೆ ಒಳಗೇ ಏರಿ ಏರಿ ಹತ್ತಿಕೊಳ್ಳುತ್ತೆ. ಅಂಥ ಕೆಲಸ ಮಾಡಿದ ದಿನ ಬ್ಯಾಗನ್ನ ವ್ಯಾಕ್ಯೂಮಲ್ಲೇ ಬಿಟ್ಟು ಮಲಗಬೇಡಿ, ತೆಗೆದು ನೀರು ಹಾಕಿದ ಲೋಹದ ಡಬ್ಬಿಗೆ ಹಾಕಿ ಮನೆಯಿಂದ ದೂರ ಇಡಿ.

ನೀರು ಹಾಕಬಾರದ ಧೂಳೂ ಇದೆ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇವುಗಳ ನುಣ್ಣನೆ ಪುಡಿ ನೀರು ತಾಗಿದ್ರೆ ಹೈಡ್ರೋಜನ್ ಬಿಡುತ್ತೆ, ಗಾಳಿಯಲ್ಲಿ ಎದ್ದಾಗ ಕಿಡಿ ತಾಗಿದ್ರೆ ಸ್ಫೋಟ ಆಗಬಹುದು, ಅಲ್ಯೂಮಿನಿಯಂ ಪುಡಿ ತುಕ್ಕಿನ ಪುಡಿ ಜೊತೆ ಬೆರೆತು ಹತ್ತಿಕೊಂಡ್ರೆ ಅದು ರೈಲು ಹಳಿ ಬೆಸೆಯೋಕೆ ಉಪಯೋಗಿಸೋ ಥರ್ಮೈಟ್ ಅನ್ನೋ ಮಿಶ್ರಣವೇ. ಇದಕ್ಕೆ ಅಂತಲೇ ಮಾಡಿದ ಮಷೀನುಗಳಿವೆ, ಮಾಮೂಲಿ ವ್ಯಾಕ್ಯೂಮ್ ಹತ್ರಕ್ಕೂ ತರಬೇಡಿ. ಥಿನ್ನರ್, ಪೆಟ್ರೋಲ್ ಚೆಲ್ಲಿದ್ದನ್ನ ಎಳೆಯೋದೂ ಅಷ್ಟೇ ಅಪಾಯ, ಮಾಮೂಲಿ ಮೋಟರಿನ ಕಾರ್ಬನ್ ಬ್ರಷ್ ತಿರುಗೋವಾಗೆಲ್ಲ ಕಿಡಿ ಬಿಡ್ತಾನೇ ಇರುತ್ತೆ, ಆವಿಗೆ ಅಷ್ಟು ಸಾಕು.

ಸ್ಟ್ಯಾಟಿಕ್ ಶಾಕ್ ಬಗ್ಗೆ ಜನ ಬಹಳ ಕೇಳ್ತಾರೆ. ಒಣ ಹವೆ ಇದ್ದಾಗ ಪ್ಲಾಸ್ಟಿಕ್ ಪೈಪಲ್ಲಿ ಧೂಳು ಉಜ್ಜಿಕೊಂಡು ಓಡಿ ಚಾರ್ಜ್ ಸೇರುತ್ತೆ, ಪೈಪು ಮುಟ್ಟಿದ್ರೆ ಟಪ್ ಅಂತ ಹೊಡಿಯುತ್ತೆ, ಕೈ ರೋಮ ಎಲ್ಲ ನಿಂತ್ಕೊಳುತ್ತೆ. ಮನೆಯ ಸಣ್ಣ ವ್ಯಾಕ್ಯೂಮಲ್ಲಿ ಮರದ ಧೂಳು ಇದರಿಂದಲೇ ಸಿಡಿಯೋದು ತೀರಾ ಅಪರೂಪ, ಅದಕ್ಕೆ ಒಂದು ಘನ ಮೀಟರಿಗೆ ಹತ್ತಿರ ಹತ್ತಿರ 40-50 ಗ್ರಾಂ ಧೂಳು ಗಾಳಿಯಲ್ಲಿ ತೇಲ್ತಾ ಇರಬೇಕು, ಅಂದ್ರೆ ಕೈ ಚಾಚಿದ್ರೆ ಬೆರಳು ಕಾಣದಷ್ಟು ದಟ್ಟ. ಆದ್ರೂ ಶಾಕ್ ಹೊಡೆದಾಗ ಕೈ ಸಟ್ಟಂತ ಎಳ್ಕೊಳ್ತೀವಿ, ಆ ಕೈಯಲ್ಲಿ ಓಡ್ತಾ ಇರೋ ಟೂಲ್ ಇರುತ್ತೆ, ಭಯ ಇರೋದು ಅಲ್ಲಿ. ಆಂಟಿಸ್ಟ್ಯಾಟಿಕ್ ಪೈಪು ತಗೊಳಿ, ಪ್ಲಾಸ್ಟಿಕ್ಕಲ್ಲೇ ಕಾರ್ಬನ್ ಬೆರೆಸಿರ್ತಾರೆ, ಆದ್ರೆ ಅದು ಕೆಲಸ ಮಾಡೋದು ವ್ಯಾಕ್ಯೂಮಿನ ಕನೆಕ್ಟರೂ ಕರೆಂಟ್ ಹರಿಸೋ ಥರದ್ದಾಗಿದ್ದು, ಪ್ಲಗ್ಗಲ್ಲಿ ಅರ್ಥಿಂಗ್ ಸರಿಯಾಗಿ ಇದ್ದಾಗ ಮಾತ್ರ. ಬರೀ ಪೈಪು ಬದಲಾಯಿಸಿ ಶಾಕ್ ನಿಂತಿಲ್ಲ ಅಂತ ಬೇಜಾರಾಗೋರು ಅಲ್ಲಿ ಚೆಕ್ ಮಾಡಿ.

ವ್ಯಾಕ್ಯೂಮಿಗೆ ಹೋಗೋ ಮುಂಚೆಯೇ ಧೂಳನ್ನ ಬೇರ್ಪಡಿಸೋ ಸೈಕ್ಲೋನ್ ಡಬ್ಬಿ ಹಾಕ್ಕೊಂಡಿದೀನಿ ಅಂತ ಧೈರ್ಯವಾಗಿರೋರಿಗೆ ಒಂದು ಮಾತು. ಸೈಕ್ಲೋನ್ ಒಳ್ಳೇದೇ, ನನ್ನತ್ರನೂ ಇದೆ, ತೂಕದ ಲೆಕ್ಕದಲ್ಲಿ ಹೆಚ್ಚೂಕಡಿಮೆ ಎಲ್ಲ ಹೊಟ್ಟನ್ನೂ ಕೆಳಗಿನ ಡಬ್ಬಿಗೆ ಬೀಳಿಸುತ್ತೆ, ಬ್ಯಾಗು ತುಂಬಾ ದಿನ ಬರುತ್ತೆ. ಆದ್ರೆ ಅದು ಕೆಲಸ ಮಾಡೋದು ಧೂಳನ್ನ ಗಿರಗಿರ ತಿರುಗಿಸಿ ಭಾರದ್ದನ್ನ ಗೋಡೆಗೆ ಎಸೆದು, ಭಾರವೇ ಇಲ್ಲದ ಸಣ್ಣ ಕಣ ಗಾಳಿ ಜೊತೆ ಮುಂದೆ ಹೋಗಿಬಿಡುತ್ತೆ. ಅಂದ್ರೆ ಶ್ವಾಸಕೋಶಕ್ಕೆ ಯಾವುದು ಕೆಟ್ಟದೋ ಅದೇ ಸೈಕ್ಲೋನಿಗೆ ಸಿಗಲ್ಲ. ಹಿಂದೆ ಒಳ್ಳೇ ಫಿಲ್ಟರ್ ಬೇಕೇ ಬೇಕು. ತೆಳು ಬಕೆಟ್ ಹಾಕಿದ್ರೆ ಪೈಪ್ ಬ್ಲಾಕ್ ಆದಾಗ ಬಕೆಟ್ಟೇ ಒಳಕ್ಕೆ ಕುಸಿದು ಬಿಡುತ್ತೆ, ಗಟ್ಟಿ ಡಬ್ಬಿ ಹಾಕಿ.

ಧೂಳು ಗಾಳಿಗೆ ಹಾರಿದ ಮೇಲೆ ವ್ಯಾಕ್ಯೂಮ್ ಅದನ್ನ ಅಟ್ಟಿಸಿಕೊಂಡು ಹೋಗಿ ಹಿಡಿಯೋಕೆ ಆಗಲ್ಲ, ಪೈಪಿನ ಬಾಯಿಂದ ಒಂದು ಗೇಣು ದೂರ ಹೋದ್ರೆ ಅಲ್ಲಿ ಎಳೆತವೇ ಇರಲ್ಲ, ಬೇಕಾದ್ರೆ ಕೈ ಹಿಡಿದು ನೋಡಿ. ಅದಕ್ಕೆ ಟೂಲಿಗೇ ಪೈಪ್ ಸಿಕ್ಕಿಸಬೇಕು, ಸ್ಯಾಂಡರ್ ತಟ್ಟೆಯ ತೂತಿಗೂ ಸ್ಯಾಂಡ್ ಪೇಪರಿನ ತೂತಿಗೂ ಸರಿಯಾಗಿ ಹೊಂದಿಸಬೇಕು, ಇದನ್ನ ಗಮನಿಸದೆ ಅಂಟಿಸೋರು ಬಹಳ ಜನ, ತೂತು ಮುಚ್ಚಿಹೋದ್ರೆ ವ್ಯಾಕ್ಯೂಮ್ ಇದ್ದೂ ಇಲ್ಲದ ಹಾಗೆ. ಪೈಪು ಬೇಕಾದಷ್ಟೇ ಉದ್ದ ಇರಲಿ. ಮರ ಹೆರೆಯೋ ದೊಡ್ಡ ಪ್ಲೇನರ್ ಮಷೀನಿಗೆಲ್ಲ ಇದು ಸಾಲಲ್ಲ, ಅದಕ್ಕೆ ಗಾಳಿ ಜಾಸ್ತಿ ಎಳೆಯೋ ಡಸ್ಟ್ ಕಲೆಕ್ಟರೇ ಬೇಕು. ಟೂಲ್ ಆಫ್ ಮಾಡಿದ ಮೇಲೂ ಹದಿನೈದು ಇಪ್ಪತ್ತು ಸೆಕೆಂಡ್ ವ್ಯಾಕ್ಯೂಮ್ ಓಡಲಿ, ಪೈಪಲ್ಲಿ ಉಳಿದಿರೋದು ಒಳಗೆ ಹೋಗ್ಲಿ. ಹಿಂದಿನ ಗಾಳಿ ನೆಲದ ಕಡೆಗೆ ಹೊಡೆಯೋ ಹಾಗೆ ಇಡಬೇಡಿ. ಪೊರಕೆ ಹಿಡಿದು ಒಣ ಧೂಳು ಗುಡಿಸೋದನ್ನ ಬಿಟ್ಟೇಬಿಡಿ. ಎಕ್ಸ್‌ಟೆನ್ಷನ್ ರೀಲ್ ಆದ್ರೆ ವೈರ್ ಪೂರ್ತಿ ಬಿಚ್ಚಿ, ಸುತ್ತಿಟ್ಟೇ ಟೂಲೂ ವ್ಯಾಕ್ಯೂಮೂ ಒಟ್ಟಿಗೆ ಓಡಿಸಿದ್ರೆ ಒಳಗೆ ವೈರ್ ಕಾದು ಕರಗುತ್ತೆ. ಕಿವಿಗೂ ಏನಾದ್ರೂ ಹಾಕ್ಕೊಳಿ, ವ್ಯಾಕ್ಯೂಮಿನ ಸದ್ದಿಗೆ ಟೂಲಿನ ಸದ್ದು ಸೇರಿದ್ರೆ ಸುಲಭಕ್ಕೆ 85 ಡೆಸಿಬಲ್ ದಾಟುತ್ತೆ. ನೀರು ಎಳೆಯೋದಿದ್ರೆ ಮೊದಲು ಬ್ಯಾಗೂ ಕಾಗದದ ಫಿಲ್ಟರೂ ತೆಗೆದು ಸ್ಪಂಜಿಂದು ಹಾಕಿ, ಮತ್ತೆ ಧೂಳಿಗೆ ಹಾಕೋ ಮುಂಚೆ ಡ್ರಮ್ ಪೂರ್ತಿ ಒಣಗಿರಬೇಕು.

ಕೆಲವಕ್ಕೆ ನಾನು ವ್ಯಾಕ್ಯೂಮ್ ಹಚ್ಚೋದೇ ಇಲ್ಲ. ಹಳೇ ಕಲ್ನಾರಿನ ಶೀಟು, ಅಂದ್ರೆ ಆಸ್ಬೆಸ್ಟಾಸ್, ಅದರ ಒಂದು ಚೂರು ಬಿದ್ದಿದ್ರೂ ಹೆಚ್ ಕ್ಲಾಸ್ ಮಷೀನು ಇರೋ, ಟ್ರೇನಿಂಗ್ ಆಗಿರೋ ಜನರ ಕೆಲಸ ಅದು. ಹಳೇ ಕಾಲದ ಪೇಂಟಲ್ಲಿ ಸೀಸ ಇರಬಹುದು, ಒಣಗಿದ್ದು ಉಜ್ಜೋಕೆ ಮುಂಚೆ ಟೆಸ್ಟ್ ಮಾಡಿಸಿ, ಮಕ್ಕಳಿರೋ ಮನೆಯಲ್ಲಂತೂ ಕೇಳಲೇಬೇಡಿ. ಅಟ್ಟದಲ್ಲಿ ಇಲಿ ಹಿಕ್ಕೆ ಬಿದ್ದಿದ್ರೆ ಅದನ್ನೂ ಒಣಗಿದ್ದಾಗ ಗುಡಿಸೋದು ಎಳೆಯೋದು ಮಾಡಬಾರದು, ಹ್ಯಾಂಟಾವೈರಸ್ ಥರದ್ದು ಧೂಳಲ್ಲೇ ಹರಡುತ್ತೆ, ಬ್ಲೀಚ್ ನೀರು ಚಿಮುಕಿಸಿ ನೆನೆಸಿ ಗ್ಲೌಸ್ ಹಾಕಿ ಒರೆಸಿ ತೆಗೀಬೇಕು. ಪ್ರಿಂಟರ್ ಟೋನರ್ ಚೆಲ್ಲಿದ್ರೂ ಬೇಡ, ಅದು ಫಿಲ್ಟರ್ ದಾಟೋವಷ್ಟು ನುಣುಪು, ಹೊತ್ತಿಕೊಳ್ಳೋದು ಕೂಡ.

ಒಂದು ವಿಷಯ ಓದಿದಾಗ ಮನಸ್ಸಿಗೆ ತುಂಬಾ ತಟ್ಟಿತು. ಕೈಯಲ್ಲಿ ಓಡಾಡಿಸೋ ಕರೆಂಟಿನ ವ್ಯಾಕ್ಯೂಮಿಗೆ 1908ರಲ್ಲಿ ಪೇಟೆಂಟ್ ತಗೊಂಡ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್, ಅಮೆರಿಕದ ಓಹಾಯೋದಲ್ಲಿ ಒಂದು ಅಂಗಡಿಯಲ್ಲಿ ಕಸ ಗುಡಿಸೋ ಕೆಲಸದಲ್ಲಿದ್ರು, ಉಬ್ಬಸ ಇತ್ತು, ಗುಡಿಸೋವಾಗ ಏಳೋ ಧೂಳಿಗೆ ಕೆಮ್ಮು ತಡೆಯೋಕಾಗದೆ ಫ್ಯಾನ್ ಮೋಟರು, ಒಂದು ದಿಂಬಿನ ಕವರು ಸೇರಿಸಿ ಮಷೀನ್ ಮಾಡಿದ್ರು. ದಿಂಬಿನ ಕವರೇ ಧೂಳಿನ ಬ್ಯಾಗು. ಈ ಮಷೀನು ಹುಟ್ಟಿದ್ದೇ ಒಬ್ಬರು ಉಸಿರಾಡೋಕೆ ಅಂತ, ನೆಲ ಹೊಳೀಲಿ ಅಂತಲ್ಲ.

ಹೋದ ತಿಂಗಳು ನಮ್ಮಣ್ಣನಿಗೆ ಫೋನಲ್ಲಿ ಟಾರ್ಚ್ ವಿಷಯ ಹೇಳಿದ್ದೆ, ಅವನು ಹೂಂ ಹೂಂ ಅಂದು ಇಟ್ಟುಬಿಟ್ಟಿದ್ದ, ನಾನೂ ಮರ್ತಿದ್ದೆ. ಮೊನ್ನೆ ರಾತ್ರಿ ಅವನೇ ಫೋನ್ ಮಾಡಿದ, ಹಿಂದುಗಡೆ ಮಷೀನಿನ ಸದ್ದು, "ಲೋ, ನಂದ್ರಲ್ಲೂ ಬರ್ತಾ ಇದೆ ಕಣೋ, ಎಡಗಡೆಯಿಂದ, ಸಣ್ಣಗೆ" ಅಂದ. "ಮೊದ್ಲು ಆಫ್ ಮಾಡಣ್ಣ, ಮಾಸ್ಕ್ ಹಾಕ್ಕೋ, ಆಚೆಗೆ ತಗೊಂಡೋಗಿ ಪ್ಲಗ್ ಕಿತ್ತು ಆಮೇಲೆ ತೆಗಿ, ರಬ್ಬರ್ ಅಂಚು ಸುತ್ತ ಬೆರಳಾಡಿಸಿ ನೋಡು" ಅಂದೆ. ಲೈನಲ್ಲೇ ಇದ್ದೆ. ಸದ್ದು ನಿಲ್ತು, ಬಾಗಿಲು ತೆಗೆದಿದ್ದು ಕೇಳಿಸ್ತು, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಮಾಸ್ಕ್ ಒಳಗಿಂದ ಅವನ ದನಿ, "ಇಲ್ಲಿ ಒಂದು ಮರದ ಸಿಬಿರು ಸಿಕ್ಕಿಹಾಕ್ಕೊಂಡಿದೆ ನೋಡು, ಬೆಂಕಿಕಡ್ಡಿಗಿಂತ ಸಣ್ಣದು."